ಗಡಿಯಾರ, ಸೂರ್ಯ ಮತ್ತು ಒಂದು ಸೆಕೆಂಡು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಗಡಿಯಾರದಲ್ಲಿ ಹನ್ನೆರಡು ಗಂಟೆಯಾದಾಗ ಸೂರ್ಯ ಆಕಾಶದ ಅತಿ ಎತ್ತರದಲ್ಲಿರುತ್ತಾನೆಯೇ? ಮಂಗಳೂರಿನಲ್ಲಿ ಇರುವುದಿಲ್ಲ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಮಂಗಳೂರು ಅಲ್ಲಿಂದ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಸುಮಾರು ಅರ್ಧ ಗಂಟೆ ತಡ. ಇದೂ ಸರಾಸರಿ ಲೆಕ್ಕ. ನಿಜವಾದ ನಡುಹಗಲು ನವೆಂಬರ್ ಆರಂಭದಲ್ಲಿ 12.14ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12.45ರ ಸುಮಾರಿಗೆ ಆಗುತ್ತದೆ. ಮಸೀದಿಯ ವೇಳಾಪಟ್ಟಿಯಲ್ಲಿ ಝುಹ್ರ್ ಸಮಯ ಹಿಂದೆ ಮುಂದೆ ಸರಿಯುವುದು ಇದರಿಂದಲೇ.

ಅರ್ಧ ಗಂಟೆಯ ಈ ಅಂತರ ನಮಗೆ ತೊಂದರೆ ಕೊಟ್ಟಿಲ್ಲ. ಆದರೆ ಒಂದೇ ಒಂದು ಸೆಕೆಂಡಿನ ವಿಷಯದಲ್ಲಿ ಜಗತ್ತು ಐವತ್ತು ವರ್ಷ ತಲೆ ಕೆಡಿಸಿಕೊಂಡಿದೆ.

1967ರಲ್ಲಿ ಸೆಕೆಂಡನ್ನು ಸೀಸಿಯಂ ಪರಮಾಣುವಿನ 9,192,631,770 ಕಂಪನಗಳ ಕಾಲವೆಂದು ನಿಗದಿಪಡಿಸಲಾಯಿತು. ಪರಮಾಣು ತಪ್ಪುವುದಿಲ್ಲ, ಭೂಮಿಯ ತಿರುಗುವಿಕೆ ಮಾತ್ರ ಒಂದೇ ಸಮನಾಗಿಲ್ಲ. ಕಡಲ ಉಬ್ಬರವಿಳಿತ ಅದನ್ನು ನಿಧಾನಗೊಳಿಸುತ್ತದೆ. ಭೂಗರ್ಭದ ಚಲನೆಗಳು ಕೆಲವೊಮ್ಮೆ ವೇಗವನ್ನೂ ಕೊಡುತ್ತವೆ. ಇವೆರಡರ ಅಂತರ 0.9 ಸೆಕೆಂಡು ಮೀರದಂತೆ 1972ರಿಂದ ಲೀಪ್ ಸೆಕೆಂಡ್, ಅಂದರೆ ಅಧಿಕ ಸೆಕೆಂಡು ಸೇರಿಸುವ ಪದ್ಧತಿ ಬಂತು. 2016ರ ಕೊನೆಯವರೆಗೆ ಹೀಗೆ 27 ಸೆಕೆಂಡು ಸೇರಿಸಲಾಗಿದೆ.

ಅಧಿಕ ವರ್ಷ ಯಾವಾಗ ಬರುತ್ತದೆಂದು ಮಕ್ಕಳೂ ಹೇಳಬಲ್ಲರು. ಅಧಿಕ ಸೆಕೆಂಡು ಹಾಗಲ್ಲ. ಭೂಮಿಯನ್ನು ಅಳೆದು ನೋಡಿ ಕೆಲವೇ ತಿಂಗಳು ಮೊದಲು ತಿಳಿಸಬೇಕು. 2012ರ ಜೂನ್ 30ರಂದು ಅದನ್ನು ಸೇರಿಸಿದಾಗ ಹಲವೆಡೆ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ಕೆಲವು ಕಂಪನಿಗಳು ಆ ಒಂದು ಸೆಕೆಂಡನ್ನು ಇಡೀ ದಿನಕ್ಕೆ ಹಂಚಿಬಿಟ್ಟವು. ಆಗ ಒಂದೇ ಹೊತ್ತಿನಲ್ಲಿ ಎರಡು ಗಡಿಯಾರಗಳು ಎರಡು ಸಮಯ ತೋರಿಸುವಂತಾಯಿತು!

ಹಾಗಾದರೆ ದಾರಿ ಯಾವುದು? ಗಡಿಯಾರ ನಿಲ್ಲದೆ ಸಮನಾಗಿ ಓಡಲಿ. ಸೂರ್ಯನೊಂದಿಗಿನ ಅಂತರವನ್ನು ಬೇರೆಯಾಗಿ ಅಳೆದು ಪ್ರಕಟಿಸಿದರೆ ಸಾಕು, ಬೇಕಾದವರು ಲೆಕ್ಕ ಹಾಕಿಕೊಳ್ಳುತ್ತಾರೆ. ಈ ಅಂತರ ಶತಮಾನಕ್ಕೆ ಒಂದು ನಿಮಿಷದಷ್ಟಾಗಬಹುದೆಂದು ಅಂದಾಜು. 2022ರ ನವೆಂಬರ್‌ನಲ್ಲಿ ತೂಕ ಮತ್ತು ಅಳತೆಗಳ ಅಂತಾರಾಷ್ಟ್ರೀಯ ಸಮ್ಮೇಳನ ಇದೇ ದಿಕ್ಕಿನಲ್ಲಿ ನಡೆಯಿತು: 2035ರೊಳಗೆ ಅಂತರದ ಮಿತಿಯನ್ನು ಹಿಗ್ಗಿಸಿ, ಕನಿಷ್ಠ ನೂರು ವರ್ಷ ಸಮಯ ಕಡಿಯದೆ ಸಾಗುವಂತೆ ನೋಡಿಕೊಳ್ಳಲು ತೀರ್ಮಾನಿಸಿತು.

ಇದರಿಂದ ನಮಾಝಿನ ಸಮಯ ತಪ್ಪುವುದೇ ಎಂದು ಕೆಲವರು ಕೇಳಬಹುದು. ಇಲ್ಲ. ನಮಾಝ್ ಸೂರ್ಯನನ್ನು ಅನುಸರಿಸುತ್ತದೆ. ವೇಳಾಪಟ್ಟಿಯ ಅಂಕಿ ಮಾತ್ರ ಸರಿಯುತ್ತದೆ. ಆ ಅಂಕಿಯನ್ನು ಸರಿಯಾಗಿ ಹಾಕಲು ಗಣಿತ ಬಲ್ಲವರು ಬೇಕು. ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಸಮಯ ನಿರ್ಣಯಿಸುತ್ತಿದ್ದ ಇಬ್ನ್ ಅಲ್-ಶಾತಿರ್ ದೊಡ್ಡ ಖಗೋಳಜ್ಞರಾಗಿದ್ದರು. ಅಲ್ಲಿನ ಮಿನಾರಕ್ಕಾಗಿ 14ನೇ ಶತಮಾನದಲ್ಲಿ ನೆರಳು ಗಡಿಯಾರ ರಚಿಸಿದರು.

ವಿದ್ಯಾರ್ಥಿಗಳೇ, ನಾವು ಇಂದು ಮುಂದೂಡುವ ಒಂದು ನಿಮಿಷವನ್ನು ನಿಮ್ಮ ಮೊಮ್ಮಕ್ಕಳ ಕಾಲದವರು ಸರಿಪಡಿಸಬೇಕಾಗುತ್ತದೆ. ಲೆಕ್ಕವನ್ನು ಅವರಿಗೆ ಸ್ಪಷ್ಟವಾಗಿ ಬರೆದಿಟ್ಟು ಹೋಗುವುದು ನಮ್ಮ ಹೊಣೆ. ನಾಳೆ ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಬರೆದುಕೊಳ್ಳಿ. ನಿಮ್ಮ ಕಲಿಕೆ ಅಲ್ಲಿಂದಲೇ ಆರಂಭವಾಗಲಿ.