ಮನೆಯೊಳಗೊಂದು ಪುಟ್ಟ ಊರು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಬೆಂಗಳೂರಿನ ಅನೇಕ ಕ್ರೈಸ್ತ ಮನೆಗಳಲ್ಲಿ ಊರು ಕಟ್ಟುವ ಕೆಲಸ ಆರಂಭವಾಗುತ್ತದೆ. ಒಂದು ದನದ ಕೊಟ್ಟಿಗೆ, ಅದರ ಸುತ್ತ ಗುಡ್ಡ, ಹೊಲ, ಬಾವಿ, ಕುರಿಮಂದೆ, ನಾಲ್ಕಾರು ಮನೆ. ಇಷ್ಟೂ ಒಂದು ಮೇಜಿನ ಅಗಲದೊಳಗೆ. ಕನ್ನಡ ಕ್ರೈಸ್ತರು ಇದನ್ನು ಗೋದಲಿ ಎನ್ನುತ್ತಾರೆ. ಈ ಗೋದಲಿಗೂ ನಮ್ಮ ದಸರೆಯ ಗೊಂಬೆಗಳಿಗೂ ಇರುವ ನೆಂಟಸ್ತಿಕೆಯನ್ನು ಕುರಿತು ಕೇಳುಗರೊಡನೆ ಎರಡು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳಿದವನಿಗೆ ಮೊದಲು ಪದದ ಬಳಿ ನಿಲ್ಲುವ ಅಭ್ಯಾಸ. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತಾಣ. ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಅದು ಗ್ವಾದಲಿ. ಲೂಕನ ಸುವಾರ್ತೆಯಲ್ಲಿ, ಛತ್ರದಲ್ಲಿ ಎಡೆ ದೊರೆಯದ ತಾಯಿ ತನ್ನ ಶಿಶುವನ್ನು ಮಲಗಿಸಿದ ಜಾಗಕ್ಕೆ ಕನ್ನಡ ಬೈಬಲ್ಲು ಈ ಹಟ್ಟಿಯ ಮಾತನ್ನೇ ಆರಿಸಿಕೊಂಡಿತು. ಒಂದು ಪದದ ಬಲದಿಂದ ಬೆತ್ಲೆಹೇಮು ನಮ್ಮ ಕೊಟ್ಟಿಗೆಯೊಳಕ್ಕೆ ಬಂದುಬಿಟ್ಟಿತು.

ಈ ಸಂಪ್ರದಾಯದ ಹಿಂದೆ ಎಂಟುನೂರು ವರ್ಷಗಳ ಕಥೆಯಿದೆ. 1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚೊ ಎಂಬ ಗುಡ್ಡದೂರಿನಲ್ಲಿ, ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿಯೊಂದನ್ನು ಇರಿಸಿ, ಜೀವಂತವಾದ ಎತ್ತನ್ನೂ ಕತ್ತೆಯನ್ನೂ ಕಟ್ಟಿಸಿ, ಸುತ್ತಲ ಹಳ್ಳಿಗರನ್ನು ಕರೆದ. ಮುಂದೆ ಅದೇ ದೃಶ್ಯ ಗೊಂಬೆಗಳಲ್ಲಿ ಮೂಡಿತು. ಹದಿನೆಂಟನೆಯ ಶತಮಾನದ ನೇಪಲ್ಸ್ ನಗರದಲ್ಲಿ ಕೊಟ್ಟಿಗೆಯ ಸುತ್ತ ಸಂತೆಯೇ ನೆರೆಯಿತು. ಮೀನು ಮಾರುವವರು, ಹಣ್ಣಿನ ವ್ಯಾಪಾರಿಗಳು, ಪಾನಗೃಹದ ಒಡೆಯ, ಭಿಕ್ಷುಕರು ಎಲ್ಲರೂ ಬಂದರು. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಕಥೆ ಇನ್ನೂ ಸ್ವಾರಸ್ಯಕರ. ಮಹಾಕ್ರಾಂತಿಯ ಕಾಲದಲ್ಲಿ ಅಲ್ಲಿ ಚರ್ಚುಗಳು ಮುಚ್ಚಿದಾಗ ಜನ ಹಬ್ಬವನ್ನು ಮನೆಯೊಳಕ್ಕೆ ತಂದುಕೊಂಡರು. ಮಾರ್ಸೇಯ್ ಪಟ್ಟಣದ ಲಾನ್ಯೆಲ್ ಎಂಬ ಕುಶಲಿ ಅಚ್ಚಿನಲ್ಲಿ ಅಗ್ಗದ ಮಣ್ಣಿನ ಗೊಂಬೆಗಳನ್ನು ತೆಗೆದ. 1803ರಲ್ಲಿ ಅವುಗಳ ಜಾತ್ರೆಯೇ ಶುರುವಾಯಿತು. ಆ ಗೊಂಬೆಗಳಿಗೆ ‘ಸಾಂತೋಂ’, ಅಂದರೆ ಪುಟ್ಟ ಸಂತರು, ಎಂದು ಹೆಸರು. ಆದರೆ ಅವರಲ್ಲಿ ಬಹುಪಾಲು ಗಿರಣಿಯವನು, ಚೂರಿ ಸಾಣೆ ಹಿಡಿಯುವವನು, ಮೀನಿನಾಕೆ! ಅವರನ್ನೇ ಸಂತರೆಂದು ಕರೆದ ಆ ಜನರ ಔದಾರ್ಯ ದೊಡ್ಡದು.

ಇನ್ನು ನಮ್ಮ ಬಡಾವಣೆಗೆ ಬರೋಣ. ನಾನು ಇರುವುದು ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಯ ಮಗ್ಗುಲಿನ ಚಿಕ್ಕಲಸಂದ್ರದಲ್ಲಿ. ನಮ್ಮ ಬೀದಿಯ ಒಂದು ಮನೆಯಲ್ಲಿ ಪ್ರತಿವರ್ಷ ಗೋದಲಿ ಕಟ್ಟುತ್ತಾರೆ. ಕಂದು ಕಾಗದವನ್ನು ಅಂಟಿನ ನೀರಿನಲ್ಲಿ ಅದ್ದಿ, ಮುದುಡಿ, ಒಣಗಿಸಿದರೆ ಗುಡ್ಡ. ಅಗಲವಾದ ತಟ್ಟೆಗಳಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿಯನ್ನು ಹತ್ತು ದಿನ ಮೊದಲೇ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹಸಿರು ಹೊಲ. ಒಡೆದ ಕನ್ನಡಿಯ ಅಂಚಿಗೆ ಮರಳು ಸುರಿದರೆ ಕೆರೆ. ದೊಡ್ಡ ಗೊಂಬೆಗಳನ್ನು ಮುಂದಕ್ಕೂ ಚಿಕ್ಕ ಮನೆಗಳನ್ನು ಹಿಂದಕ್ಕೂ ಇಟ್ಟರೆ ಎರಡು ಮೊಳದ ಜಾಗದಲ್ಲಿ ಹರಿದಾರಿಯ ದೂರ ಕಾಣುತ್ತದೆ. ಗೋದಲಿ ಮಾತ್ರ ಬರಿದಾಗಿರುತ್ತದೆ. ಶಿಶುವಿನ ಗೊಂಬೆಯನ್ನು ಇಡುವುದು 24ರ ನಡುರಾತ್ರಿಯ ಪೂಜೆಯಿಂದ ಮರಳಿದ ಮೇಲೆಯೇ. ಕಾಯುವುದೂ ಹಬ್ಬದ ಒಂದು ಭಾಗ.

ಆ ಕನ್ನಡಿಯ ಕೆರೆ ನನಗೆ ವಿಶೇಷವಾಗಿ ಪ್ರಿಯ. ನಮ್ಮ ಸೀಮೆಯ ಊರ ಹೆಸರುಗಳಲ್ಲಿ ಬರುವ ‘ಸಂದ್ರ’ವು ‘ಸಮುದ್ರ’ದ ಸವೆದ ರೂಪ, ದೊಡ್ಡ ಕೆರೆಯನ್ನು ಹಿಂದಿನವರು ಸಮುದ್ರವೆಂದೇ ಕರೆದರು. ಬೊಮ್ಮಸಂದ್ರ, ಸಿಂಗಸಂದ್ರ, ದೊಡ್ಡಕಲ್ಲಸಂದ್ರಗಳೆಲ್ಲ ಇದೇ ಬಳಗ. ಈಗ ನಮ್ಮ ಬೀದಿಯ ಮಕ್ಕಳಿಗೆ ರಾಗಿಯ ಪೈರು ಕಾಣುವುದು ತಟ್ಟೆಯಲ್ಲಿ, ಊರಿನ ಕೆರೆ ಕಾಣುವುದು ಕನ್ನಡಿಯಲ್ಲಿ.

ನಮ್ಮ ಮನೆಯಲ್ಲಿ ಕೂರಿಸುವುದು ದಸರೆಯ ಗೊಂಬೆ. ತವರಿನಿಂದ ಬಂದ ಮರದ ಪಟ್ಟದ ಗೊಂಬೆಗಳು, ಧಾನ್ಯದ ಅಂಗಡಿ ತೆರೆದು ಕುಳಿತ ಶೆಟ್ಟಿ ದಂಪತಿ, ಆಲೆಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಆಟಿಕೆಗಳು. ನವರಾತ್ರಿ ಮುಗಿದು ಎಲ್ಲರೂ ಪೆಟ್ಟಿಗೆ ಸೇರಿದರೂ ಶೆಟ್ಟರಿಗೆ ವಿಶ್ರಾಂತಿಯಿಲ್ಲ. ಕೆಲವು ವರ್ಷಗಳಿಂದ ಅವರು ಡಿಸೆಂಬರಿನಲ್ಲಿ ನೆರೆಮನೆಗೆ ಹೋಗಿ ಬೆತ್ಲೆಹೇಮಿನಲ್ಲಿ ಅಂಗಡಿ ಇಡುತ್ತಾರೆ. ಅಲ್ಲಿನ ಕುರಿಮಂದೆ ನವರಾತ್ರಿಗೆ ನಮ್ಮ ಹೊಲದಲ್ಲಿ ಮೇಯುತ್ತದೆ.

ಎರಡು ಊರುಗಳಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ದಸರೆಯದು ಮೆಟ್ಟಿಲುಗಳ ಲೋಕ. ಮೇಲೆ ದೇವರು, ಅರಸ. ದುಡಿಯುವ ಜನ ಕೆಳಗೆ. ಗೋದಲಿಯಲ್ಲಿ ಮೆಟ್ಟಿಲಿಲ್ಲ. ಅಲ್ಲಿ ದೇವರು ನೆಲದ ಮೇಲೆ, ದನದ ಉಸಿರಿನ ಬಳಿ. ಮೊದಲು ಬಂದವರು ಕುರುಬರು, ಕಾಣಿಕೆ ಹೊತ್ತ ಜ್ಞಾನಿಗಳು ತರುವಾಯ. ಹೀಗಿದ್ದರೂ ಎರಡು ಊರುಗಳಿಗೂ ಒಂದು ಕೊರತೆ ಸಮಾನವಾಗಿತ್ತು. ಅದನ್ನು ಕಂಡದ್ದು ನನ್ನ ಮೊಮ್ಮಗಳು. ಹೋದ ವರ್ಷ ನೆರೆಮನೆಯ ಗೋದಲಿಯ ಮುಂದೆ ನಿಂತು ಆಕೆ, “ಈ ಊರಿನ ಕಸ ಯಾರು ಗುಡಿಸ್ತಾರೆ?” ಎಂದು ಕೇಳಿದಳು.

ಹಿರಿಯರಾದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಹಳ್ಳಿಗಳಲ್ಲಿ ಊರಾಚೆಗೆ ಒಂದು ಕೇರಿಯಿತ್ತು. ಬಾವಿ ಬೇರೆ, ದಾರಿ ಬೇರೆ. ಗೊಂಬೆಯ ಊರನ್ನು ಅಕ್ಕರೆಯಿಂದ ಕಟ್ಟುವಾಗ ಆ ಕೇರಿಯನ್ನು ಬಿಟ್ಟೇ ಕಟ್ಟುತ್ತ ಬಂದಿದ್ದೇವೆ. ನೆನಪು ಎಂಬುದು ಬಲು ಚತುರ. ತನಗೆ ಹಿತವಾದುದನ್ನಷ್ಟೇ ಮೇಜಿನ ಮೇಲೆ ಜೋಡಿಸುತ್ತದೆ. ಛತ್ರದಲ್ಲಿ ಜಾಗವಿಲ್ಲವೆಂದು ಹೊರಗುಳಿದವರ ಕಥೆಯನ್ನು ಹೇಳಲೆಂದೇ ಕಟ್ಟಿದ ಊರಿನಲ್ಲಿ ಇನ್ನಾರಿಗೋ ಜಾಗವಿಲ್ಲವೆಂದರೆ ಆ ಕಥೆಯನ್ನು ನಾವು ಕೇಳಿಸಿಕೊಂಡದ್ದಾದರೂ ಏನು?

ಹುಡುಗಿ ಜೇಡಿಮಣ್ಣಿನಲ್ಲಿ ಒಬ್ಬ ಹೆಂಗಸನ್ನು ಮಾಡಿದಳು. ತೆಂಗಿನ ಗರಿಯ ಕಡ್ಡಿಗಳ ಪೊರಕೆ, ಹಸಿರು ಮೇಲಂಗಿ. ಮೂಗು ಸ್ವಲ್ಪ ಸೊಟ್ಟ. ಮನೆಯ ಯಜಮಾನಿತಿ ಒಂಟೆಗಳನ್ನು ಅತ್ತ ಸರಿಸಿ ಆಕೆಯನ್ನು ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲಿಸಿದರು.

ಪುಟ್ಟ ಊರು ಕಟ್ಟುವುದು ಮಕ್ಕಳಾಟವೆಂದು ಅನೇಕರು ತಿಳಿದಿದ್ದಾರೆ. ಆಟವೇನೋ ಹೌದು. ದೊಡ್ಡ ಊರನ್ನು ನಮ್ಮ ಇಷ್ಟದಂತೆ ಕಟ್ಟುವ ಅಧಿಕಾರ ನಮಗಿಲ್ಲ; ಈ ಎರಡು ಮೊಳದ ಊರಿಗೆ ಮಾತ್ರ ನಾವೇ ಒಡೆಯರು. ಇಲ್ಲಿಯೂ ಎಲ್ಲರಿಗೂ ಎಡೆಮಾಡಿಕೊಡಲು ನಮ್ಮಿಂದ ಆಗದಿದ್ದರೆ ಹೊರಗಿನ ಊರನ್ನು ದೂರುವ ಹಕ್ಕು ನಮಗೆ ಹೇಗೆ ಬಂದೀತು? ಈ ಸಲದ ನವರಾತ್ರಿಗೆ ಪೊರಕೆಯ ಗೊಂಬೆಯನ್ನು ನಮ್ಮ ಮನೆಗೆ ಕರೆಯಬೇಕೆಂದಿದ್ದೇವೆ. ಯಾವ ಮೆಟ್ಟಿಲಲ್ಲಿ ಕೂರಿಸುವುದೆಂಬ ಚರ್ಚೆ ಮನೆಯಲ್ಲಿ ಈಗಾಗಲೇ ಆರಂಭವಾಗಿದೆ.