ಮೋಸ ಹೋದರೆ ಮುಚ್ಚಿಡಬೇಡಿ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹರೂಪ)



ಉಳಿತಾಯ, ಸಾಲ, ಸ್ವಉದ್ಯೋಗದ ಬಗ್ಗೆ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತಿನ ವಿಷಯ ಬೇರೆ. ನಮ್ಮದೇ ಒಂದು ಸಂಘದ ಸದಸ್ಯೆಗೆ ಆದದ್ದನ್ನು, ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ನಿಮ್ಮ ಮುಂದೆ ಇಡುತ್ತೇವೆ.

ಒಂದು ಮಧ್ಯಾಹ್ನ ಅವರಿಗೆ ಫೋನ್ ಬಂತು. “ಅಮ್ಮಾ, ನಿಮ್ಮ ಗೃಹಲಕ್ಷ್ಮಿ ಹಣ ನಿಂತಿದೆ. ಆಧಾರ್, ಪ್ಯಾನ್ ಕಾರ್ಡಿನ ಫೋಟೋ ವಾಟ್ಸ್‌ಆ್ಯಪ್ ಮಾಡಿ. ಈಗ ಬರೋ ಓಟಿಪಿ ಹೇಳಿ. ಇವತ್ತೇ ಸರಿ ಮಾಡ್ತೀವಿ” ಅಂತ ಒಬ್ಬ ಮರ್ಯಾದೆಯಿಂದ ಮಾತಾಡಿದ. ಇವರು ಫೋಟೋ ಕಳಿಸಿದರು, ಓಟಿಪಿನೂ ಹೇಳಿದರು. ಹತ್ತು ನಿಮಿಷದಲ್ಲಿ ಖಾತೆಯಲ್ಲಿದ್ದ 8,600 ರೂಪಾಯಿ ಹೋಯಿತು. ಮನೆಯಲ್ಲಿ ಬೈತಾರೆ, ಸಂಘದಲ್ಲಿ ನಗ್ತಾರೆ ಅಂತ ಹೆದರಿ ಯಾರಿಗೂ ಹೇಳಲಿಲ್ಲ. ಹೋದದ್ದು ಹೋಯ್ತು, ಅಲ್ಲಿಗೆ ಮುಗೀತು ಅಂದುಕೊಂಡರು.

ಮುಗಿದಿರಲಿಲ್ಲ. ಮೂರು ತಿಂಗಳ ನಂತರ ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಹೋದಾಗ, “ನಿಮ್ಮ ಹೆಸರಲ್ಲಿ ಆಗಲೇ ಒಂದು ಸಾಲ ಇದೆ, ಕಂತು ಕಟ್ಟಿಲ್ಲ” ಅಂದರು. ಅವರು ಆ ಸಾಲ ತೆಗೆದೇ ಇರಲಿಲ್ಲ. ಅವರ ಕಾರ್ಡಿನ ಫೋಟೋ ಇಟ್ಟುಕೊಂಡು ಯಾರೋ ಮೊಬೈಲಿನಲ್ಲೇ ಸಾಲ ಎತ್ತಿದ್ದರು.

ನೋಡಿ, ಇಂಥ ಕಳ್ಳ ಎರಡನ್ನು ಕದಿಯುತ್ತಾನೆ. ಮೊದಲು ಹಣ, ಆಮೇಲೆ ನಮ್ಮ ಹೆಸರು. ಹಣ ಹೋದದ್ದು ಕೂಡಲೇ ಗೊತ್ತಾಗುತ್ತದೆ. ಹೆಸರು ಹೋದದ್ದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ನಾವು ಸುಮ್ಮನಿದ್ದಷ್ಟು ದಿನ ಅವನಿಗೆ ಲಾಭ.

ಅದೇ ದಿನ ಮಾಡಬೇಕಾದದ್ದು

ಮೊದಲು 1930 ನಂಬರಿಗೆ ಫೋನ್ ಮಾಡಿ. ಇದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ. ಕಳ್ಳ ಹಣ ತೆಗೆಯುವುದರೊಳಗೆ ದೂರು ಹೋದರೆ ಆ ಹಣವನ್ನು ತಡೆಹಿಡಿಯಲು ಸಾಧ್ಯ. ಅಲ್ಲಿ ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕೂಡಲೇ ಬ್ಯಾಂಕಿಗೂ ತಿಳಿಸಿ. ಎಟಿಎಂ ಕಾರ್ಡು, ಫೋನಿನಿಂದ ಹಣ ಕಳಿಸುವ ಸೌಲಭ್ಯ ಎರಡನ್ನೂ ನಿಲ್ಲಿಸಲು ಹೇಳಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ಕಿನಲ್ಲೇ ನೋಡಿ. ಗೂಗಲ್‌ನಲ್ಲಿ ಹುಡುಕಿದರೆ ಅಲ್ಲೂ ಕಳ್ಳರ ನಂಬರ್ ಸಿಗಬಹುದು. ಆಮೇಲೆ ಶಾಖೆಗೆ ಹೋಗಿ ಬರಹದಲ್ಲಿ ದೂರು ಕೊಟ್ಟು, ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ನಾವೇ ಓಟಿಪಿ ಹೇಳಿ ಹಣ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆ ಸೀಲಿನ ಬೆಲೆ ಅಷ್ಟು!

ಅವನು ಹೇಳಿದ ಯಾವುದಾದರೂ ಆ್ಯಪ್ ಹಾಕಿಕೊಂಡಿದ್ದರೆ ತೆಗೆದುಹಾಕಿ. ಎಲ್ಲ ಪಿನ್ ನಂಬರ್‌ಗಳನ್ನೂ ಬದಲಾಯಿಸಿ. ಮೆಸೇಜುಗಳನ್ನು ಮಾತ್ರ ಅಳಿಸಬೇಡಿ, ಅವೇ ಸಾಕ್ಷಿ.

ಅದೇ ವಾರ ಮಾಡಬೇಕಾದದ್ದು

ಆಧಾರ್ ನಂಬರ್ ಮತ್ತು ಹೆಬ್ಬೆಟ್ಟು ಇದ್ದರೆ ಓಟಿಪಿ ಇಲ್ಲದೆಯೂ ಖಾತೆಯಿಂದ ಹಣ ತೆಗೆಯಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ಎತ್ತಿದ ಪ್ರಕರಣಗಳು ಬೆಳಕಿಗೆ ಬಂದವು. ಆದ್ದರಿಂದ ಆಧಾರ್ ಆ್ಯಪಿನಲ್ಲಿ ಅಥವಾ ವೆಬ್‌ಸೈಟಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿ. ಮಾಹಿತಿಗೆ 1947. ಬೀಗ ಹಾಕಿದರೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಆ ಹೊತ್ತಿಗೆ ತೆಗೆದು, ಮತ್ತೆ ಹಾಕಬೇಕು. ಮನೆಗೆ ಬೀಗ ಹಾಕಿದ ಹಾಗೇ.

ಸಂಚಾರ್ ಸಾಥಿ ಎಂಬ ಕೇಂದ್ರ ಸರ್ಕಾರದ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ.

ಮುಂದಿನ ತಿಂಗಳುಗಳಲ್ಲಿ

ನಮ್ಮ ಹೆಸರಿನ ಸಾಲಗಳ ಲೆಕ್ಕ ಇಡುವ ಸಂಸ್ಥೆಗಳು ನಾಲ್ಕು: ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. ವರ್ಷಕ್ಕೊಮ್ಮೆ ಪ್ರತಿಯೊಂದರಿಂದಲೂ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವುದು ನಮ್ಮ ಹಕ್ಕು. ಒಂದೇ ಸಲ ಎಲ್ಲ ಪಡೆಯದೆ ಮೂರು ತಿಂಗಳಿಗೊಂದರಂತೆ ನೋಡಿದರೆ ವರ್ಷವಿಡೀ ಕಣ್ಣಿಟ್ಟ ಹಾಗಾಯಿತು. ನಾವು ಮಾಡದ ಸಾಲ ಕಂಡರೆ ದೂರಿನ ಪ್ರತಿ ಸಮೇತ ಆ ಸಂಸ್ಥೆಗೂ, ಸಾಲ ಕೊಟ್ಟವರಿಗೂ ಬರೆಯಬೇಕು. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ವಸೂಲಿಯವರು ಹೆದರಿಸಿದರೆಂದು ಮಾಡದ ಸಾಲದ ಕಂತು ಕಟ್ಟಬೇಡಿ.

ಇನ್ನೊಂದು ಎಚ್ಚರಿಕೆ. ಒಮ್ಮೆ ಮೋಸ ಹೋದವರಿಗೆ ಮತ್ತೆ ಫೋನ್ ಬರುತ್ತದೆ: “ನಿಮ್ಮ ಹಣ ವಾಪಸು ಕೊಡಿಸ್ತೀವಿ, ಮೊದಲು ಇಷ್ಟು ಫೀಸು ಕಟ್ಟಿ.” ಅದು ಎರಡನೇ ಬಲೆ. ಪೊಲೀಸರಾಗಲಿ, ಬ್ಯಾಂಕಾಗಲಿ ಹಾಗೆ ಫೀಸು ಕೇಳುವುದಿಲ್ಲ.

ಸಂಘ ಮಾಡಬೇಕಾದದ್ದು

ಬೇರೆಯವರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ತಪ್ಪು ಮಾಡಿದವನು ಅವನು. ತಲೆ ತಗ್ಗಿಸಬೇಕಾದವರು ನಾವಲ್ಲ.

ಆ ಸಹೋದರಿ ಕೊನೆಗೆ ವಾರದ ಸಭೆಯಲ್ಲಿ ಅಳುತ್ತಾ ಹೇಳಿದರು. ಯಾರೂ ನಗಲಿಲ್ಲ. ಇಬ್ಬರು ಸದಸ್ಯೆಯರು ಠಾಣೆಗೂ ಬ್ಯಾಂಕಿಗೂ ಜೊತೆಗೆ ಹೋದರು. 8,600 ರೂಪಾಯಿ ವಾಪಸು ಬರಲಿಲ್ಲ. ತಡವಾಗಿತ್ತು. ಆದರೆ ಸುಳ್ಳು ಸಾಲ ಅವರ ಹೆಸರಿನಿಂದ ಹೋಯಿತು, ಹೊಲಿಗೆ ಯಂತ್ರ ಬಂತು. “ಅವತ್ತೇ ಹೇಳಿದ್ದರೆ ಇಷ್ಟು ಅಲೆಯೋದು ಇರ್ತಿರಲಿಲ್ಲ” ಅಂತಾರೆ ಅವರು ಈಗ.

ಆದ್ದರಿಂದ ಈ ವಾರದ ಸಭೆಯಲ್ಲೇ ಮೂರು ನಿರ್ಣಯ ಮಾಡೋಣ. 1930 ಮತ್ತು 1947 ನಂಬರುಗಳನ್ನು ನಿರ್ಣಯ ಪುಸ್ತಕದ ಮೊದಲ ಪುಟದಲ್ಲಿ ಬರೆಯೋಣ. ಯಾರಾದರೂ ಮೋಸ ಹೋದರೆ ಇಬ್ಬರು ಜೊತೆಗೆ ಹೋಗೋಣ. ಹೇಳಿಕೊಂಡವರನ್ನು ಯಾರೂ ಹಂಗಿಸದಿರೋಣ. ಹತ್ತಿಪ್ಪತ್ತು ರೂಪಾಯಿ ಕೂಡಿಸಿ ಸಂಘ ಕಟ್ಟಿದವರು ನಾವು. ಒಬ್ಬರ ಹೆಸರನ್ನು ಎಲ್ಲರೂ ಸೇರಿ ಉಳಿಸಿಕೊಳ್ಳೋಣ.