ಬಿದನೂರಿನ ಅರಮನೆಗೆ ಬಿದ್ದ ಬೆಂಕಿ



ಕಳೆದ ತಿಂಗಳು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಭಕ್ತರೊಡನೆ ನಾವು ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗಿಬಂದುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಹಿಂದಿನ ಬಿದನೂರೇ ಇಂದಿನ ನಗರ. ಇಕ್ಕೇರಿಯಿಂದ ಕೆಳದಿಯ ಅರಸರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಭೂಮಿಯ ಕಂದಾಯಕ್ಕೆ ಶಿಸ್ತು ಕಟ್ಟಿದ ಶಿವಪ್ಪ ನಾಯಕರು ಆಳಿದ್ದು ಇಲ್ಲಿಂದಲೇ. ಊರನ್ನು ಸುತ್ತಿದ್ದ ಕೋಟೆಯ ಅಳತೆ 8 ಮೈಲಿ ಇತ್ತಂತೆ. ಈಗ ಅಲ್ಲಿ ಏನಿದೆ? ಕೋಟೆಯ ಗೋಡೆ, ಅಕ್ಕತಂಗಿ ಕೊಳ, ಅರಮನೆಯ ತಳಪಾಯ, ಅದರ ಮೇಲೆ ಬೆಳೆದ ಹುಲ್ಲು.

ಆ ತಳಪಾಯದ ಬಳಿ ನಿಂತು ಹೊಸದುರ್ಗದ ಕಡೆಯ ವಯಸ್ಸಾದ ತಾಯಿಯೊಬ್ಬರು, “ಬುದ್ಧೀ, ಇಂಥಾ ಮನೆಗೆ ಬೆಂಕಿ ಇಟ್ಟೋರು ಯಾರು?” ಎಂದು ಕೇಳಿದರು. ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ, ಊರಿಗೆ ಹೋದಮೇಲೆ ಹೇಳುತ್ತೇವೆ ಎಂದಿದ್ದೆವು. ಇವತ್ತು ಹೇಳುತ್ತೇವೆ.

ಬೆಂಕಿ ಇಡಿಸಿದವರು ಆ ಮನೆಯ ಒಡತಿಯೇ, ರಾಣಿ ವೀರಮ್ಮಾಜಿ. 1763ರ ಮಾರ್ಚ್ ತಿಂಗಳು. ಹೈದರಾಲಿಯ ಸೈನ್ಯ ಊರ ಬಾಗಿಲಿಗೆ ಬಂದಿತ್ತು. ಹಣ ಕೊಡುತ್ತೇವೆ, ಹಿಂದಿರುಗಿ ಎಂದು ರಾಣಿ ಹೇಳಿ ಕಳುಹಿಸಿದ್ದರು, ಅವನು ಒಪ್ಪಲಿಲ್ಲ. ಅರಮನೆಗೆ ಬೆಂಕಿ ಹಚ್ಚುವಂತೆ ಆಜ್ಞೆಯಿತ್ತು ಆ ತಾಯಿ ಬಲ್ಲಾಳರಾಯನದುರ್ಗದತ್ತ ಹೊರಟುಹೋದರು. ಜನ ಕಾಡು ಸೇರಿದರು. ಹೈದರಾಲಿ ಊರಿಗೆ ಬಂದವನೇ ಮೊದಲು ಮಾಡಿಸಿದ ಕೆಲಸ ಆ ಉರಿಯನ್ನು ಆರಿಸಿದ್ದು. ಅದೇನು ಅರಮನೆಯ ಮೇಲಿನ ಮಮತೆಯಿಂದಲ್ಲ. ಒಳಗಿದ್ದ ಸಂಪತ್ತು ಕೈತಪ್ಪಬಾರದೆಂದು. ಅಲ್ಲಿ ಸಿಕ್ಕಿದ ಸಂಪತ್ತು 1 ಕೋಟಿ 20 ಲಕ್ಷ ಪೌಂಡು ಬಾಳುತ್ತಿತ್ತೆಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಎಣಿಸಿದ್ದಾನೆ. ಮುಂದೆ 1783ರಲ್ಲಿ ಇಂಗ್ಲಿಷರಿಗೂ ಟಿಪ್ಪುವಿಗೂ ನಡೆದ ಹೋರಾಟದಲ್ಲಿ ಊರಿಗೆ ಮತ್ತೊಮ್ಮೆ ಬೆಂಕಿ ಬಿತ್ತು.

ಇಷ್ಟನ್ನು ಅಲ್ಲಿಯೇ ಹೇಳಬಹುದಾಗಿತ್ತು. ಹೇಳಲು ಕಷ್ಟವಾದದ್ದು ಇನ್ನು ಮುಂದಿನದು. ಹೈದರಾಲಿಗೆ ಬಿದನೂರಿನ ದಾರಿ ತೆರೆದದ್ದು ಎಲ್ಲಿ? ನಮ್ಮ ಚಿತ್ರದುರ್ಗದಲ್ಲಿ.

ವಿಷಯ ಹೀಗಿದೆ. ವೀರಮ್ಮಾಜಿಯವರಿಗೂ ದತ್ತುಮಗನಾದ ಚೆನ್ನಬಸಪ್ಪ ನಾಯಕನಿಗೂ ಮನಸ್ತಾಪ ಬೆಳೆದಿತ್ತು. 1757ರಲ್ಲಿ ಹುಡುಗ ತೀರಿಹೋದನೆಂಬ ಸುದ್ದಿ ಹಬ್ಬಿತು. ಕೊಲ್ಲಿಸಿದರೆಂದೇ ಜನ ಆಡಿಕೊಂಡರು. ರಾಣಿ ಇನ್ನೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. ಕೆಲವು ವರ್ಷ ಕಳೆದ ಮೇಲೆ ಒಬ್ಬ ತರುಣ, ತಾನೇ ಚೆನ್ನಬಸಪ್ಪ, ಕೊಲ್ಲಬೇಕಾಗಿದ್ದ ಜೆಟ್ಟಿಯೇ ಕನಿಕರಪಟ್ಟು ಬಚ್ಚಿಟ್ಟು ಕಾಪಾಡಿದನೆಂದು ಹೇಳಿಕೊಂಡು ಬಂದ. ನಿಜವಾಗಿ ಅವನೇ ಹೌದೋ ಅಲ್ಲವೋ, ಆ ಚರ್ಚೆ ಇತಿಹಾಸಕಾರರಿಗಿರಲಿ. ಆಶ್ರಯ ಬೇಡಿ ಬಂದವನನ್ನು ದುರ್ಗದವರು ಹೈದರಾಲಿಯ ಮುಂದೆ ತಂದು ನಿಲ್ಲಿಸಿದರು.

ಏಕೆ ಹಾಗೆ ಮಾಡಿದರು? ಮದಕರಿ ನಾಯಕರಿಗೆ ಆಗ 20ರ ಹರೆಯ. ಹೈದರಾಲಿಯ ಕುದುರೆಪಡೆ ದುರ್ಗದ ಸೀಮೆಯನ್ನು ತುಳಿದು ಕಪ್ಪ ವಸೂಲು ಮಾಡಿತ್ತು; ಆ ಕಣ್ಣು ಬೇರೆ ಕಡೆಗೆ ತಿರುಗಿದರೆ ಸಾಕೆನಿಸಿದ್ದರೆ ಆಶ್ಚರ್ಯವಿಲ್ಲ. ಹಳೆಯ ಹಗೆಯೂ ಇತ್ತು. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ದುರ್ಗದ ದೊರೆ ಮಡಿದರು. ಎದುರು ನಿಂತ ಹರಪನಹಳ್ಳಿ, ರಾಯದುರ್ಗ, ಸವಣೂರುಗಳ ಜೊತೆಯಲ್ಲಿ ಬಿದನೂರಿನ ದಂಡೂ ಇತ್ತು. ಮಾಯಕೊಂಡ ಹೊಳಲ್ಕೆರೆಯವರಿಗೆ ನೆರೆಯ ಸೀಮೆಯೇ. ಹದಿನೈದು ವರ್ಷದ ಹಿಂದಿನ ಆ ಗಾಯ ಮಾಗಿರಲಿಲ್ಲವೆಂದು ನಮಗೆ ತೋರುತ್ತದೆ.

ಬಿದನೂರಿನವರೂ ಕಡಿಮೆಯೇನಲ್ಲ. ಲಿಂಗಣ್ಣನೆಂಬ ಹಿಂದಿನ ಮಂತ್ರಿ ಕುಂಸಿಯಲ್ಲಿ ಸೆರೆಯಲ್ಲಿದ್ದ. ಊರೊಳಗೆ ನುಗ್ಗುವ ಕಳ್ಳದಾರಿಯನ್ನು ತೋರಿಸಿದವನು ಅವನೇ. ಮನೆಯ ಗುಟ್ಟು ಮನೆಯವನಿಗಲ್ಲದೆ ಇನ್ನಾರಿಗೆ ತಿಳಿದೀತು?

ಶಿವಾಜಿಯ ಮಗ ರಾಜಾರಾಮ ಮೊಗಲರಿಗೆ ಹೆದರಿ ಬಂದಾಗ ಕೆಳದಿಯ ಚೆನ್ನಮ್ಮಾಜಿ ಅವನಿಗೆ ಆಶ್ರಯ ಕೊಟ್ಟು, ಔರಂಗಜೇಬನನ್ನೇ ಎದುರುಹಾಕಿಕೊಂಡರು. ಬಂದವನನ್ನು ಒಪ್ಪಿಸಿಬಿಟ್ಟಿದ್ದರೆ ಅವರಿಗೆ ಯಾವ ತೊಂದರೆಯೂ ಇರಲಿಲ್ಲ.

ನಮ್ಮ ಬಳಿಗೆ ನ್ಯಾಯಕ್ಕೆಂದು ಬರುವವರಲ್ಲಿ ಅಣ್ಣತಮ್ಮಂದಿರೇ ಹೆಚ್ಚು. ಅಡಿಕೆ ತೋಟದ ಪಾಲು, ಕೊಳವೆಬಾವಿಯ ಸರದಿ, ಬದುವಿನ ಮೇಲಿನ ಒಂದು ತೆಂಗಿನ ಮರ. ಅವರ ಜಗಳ ನಮಗೆ ಅಷ್ಟು ಭಯ ಹುಟ್ಟಿಸುವುದಿಲ್ಲ. ಜೊತೆಯಲ್ಲಿ ಬಂದು ಹಿಂದೆ ಕೂತಿರುತ್ತಾರಲ್ಲ, ತಮ್ಮನ ಕಿವಿಯಲ್ಲಿ, “ನೀನು ಬಿಡಬೇಡ, ಖರ್ಚಿಗೆ ನಾನಿದ್ದೇನೆ” ಎನ್ನುವ ನೆರೆಯವರು, ಅವರನ್ನು ಕಂಡರೆ ಭಯ. ಇಂಥ ಒಂದು ವ್ಯಾಜ್ಯದಲ್ಲಿ ಇಬ್ಬರ ತೋಟವೂ ಕೊನೆಗೆ ಖರ್ಚಿಗೆ ಇದ್ದವನ ಹೆಸರಿಗೇ ಹೋಯಿತು. ಆ ಇಬ್ಬರೂ ಇಂದು ಈ ಸಭೆಯಲ್ಲಿ ಬೇರೆ ಬೇರೆ ಕಡೆ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ.

ಹೈದರಾಲಿ ಚೆನ್ನಬಸಪ್ಪನನ್ನು ಪಟ್ಟಕ್ಕೆ ಕೂಡಿಸಿದನೇ? ಇಲ್ಲ. ರಾಣಿಯನ್ನೂ, ಆಕೆಯ ಎರಡನೆಯ ದತ್ತುಮಗನನ್ನೂ, ಇವನನ್ನೂ ಒಟ್ಟಿಗೆ ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟ. ಬಿದನೂರು ಹೈದರನಗರವಾಯಿತು. ಒಂದೇ ಸಿಂಹಾಸನಕ್ಕಾಗಿ ಹೊಡೆದಾಡಿದವರು ಒಂದೇ ಬೆಟ್ಟದ ಮೇಲೆ ವರ್ಷಗಟ್ಟಲೆ ಮುಖ ನೋಡಿಕೊಂಡು ಕೂತರು. 1767ರಲ್ಲಿ ಮರಾಠರು ಮಧುಗಿರಿಯನ್ನು ಹಿಡಿದು ಅವರನ್ನು ಬಿಡಿಸಿದರು. ಪುಣೆಗೆ ಹೋಗುವ ದಾರಿಯಲ್ಲಿ ವೀರಮ್ಮಾಜಿ ತೀರಿಕೊಂಡರು.

ದುರ್ಗಕ್ಕೆ ಉಳಿದದ್ದು 16 ವರ್ಷ. 1779ರಲ್ಲಿ ಅದೇ ಹೈದರಾಲಿ ಈ ಕೋಟೆಯನ್ನು ಹಿಡಿದು ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಅವರು ಹಿಂದಿರುಗಲಿಲ್ಲ. ನಮ್ಮ ಮಕ್ಕಳನ್ನು ಕೋಟೆಗೆ ಕರೆದೊಯ್ದಾಗ ಓಬವ್ವನ ಕಿಂಡಿಯನ್ನು ತೋರಿಸುತ್ತೇವೆ, ತೋರಿಸಲೇಬೇಕು. ಮೇಲೆ ಅರಮನೆಯ ಮಣ್ಣುಗೋಡೆಗಳು ಮಳೆಗಾಳಿಗೆ ಕರಗುತ್ತ ನಿಂತಿವೆ. ಅಲ್ಲಿಯೂ ಸ್ವಲ್ಪ ಹೊತ್ತು ಕೂರಿಸಿ, ಬಿದನೂರಿನ ಸಂಗತಿಯನ್ನೂ ಉಪಾಧ್ಯಾಯರು ಹೇಳಲಿ.

ಹಿರಿಯೂರಿನ ಭಕ್ತರು ಮುಂದಿನ ಪ್ರವಾಸ ಎಲ್ಲಿಗೆ ಎಂದು ಕೇಳುತ್ತಿದ್ದಾರೆ. ಶಿರಾ ದಾಟಿದರೆ ಮಧುಗಿರಿ ಅವರಿಗೆ ದೂರವಲ್ಲ. ಬೆಟ್ಟ ಕಡಿದು, ವಯಸ್ಸಾದವರು ಕೆಳಗೇ ಕುಳಿತಿರಬಹುದು. ಕಾರ್ತಿಕ ಕಳೆದಮೇಲೆ ಹೊರಡೋಣ.